ನಿಧಾನವಾಗಿ ಓಡುವುದು

ಓಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ನಡೆಯಲು ಕಲಿತ ಮಗುವು ಕೆಲವೇ ತಿಂಗಳಲ್ಲಿ ತಾನಾಗಿಯೇ ಓಡತೊಡಗುತ್ತದೆ. ಶಾಲೆಯ ಗಂಟೆ ಬಾರಿಸಿದಾಗ ನಾವೆಲ್ಲರೂ ಓಡಿದವರೇ. ಮಳೆ ಬಂದಾಗ, ಬಸ್ಸು ಹೊರಟಾಗ ಓಡಿದವರೇ. ಹೀಗಿರಲು ಅದರಲ್ಲಿ ಕಲಿಯುವುದಾದರೂ ಏನಿದೆ? ನನ್ನ ಈ ನಂಬಿಕೆಯು ತಪ್ಪೆಂಬುದು ತಿಳಿದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಆ ಪಾಠಕ್ಕೆ ಒಂದೂವರೆ ವರ್ಷ ಹಿಡಿಯಿತು. ಅದರ ನಡುವೆ ಒಂದು ಸೋಲೂ ಬೇಕಾಯಿತು.

ನಾನು ಮೈಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆಯವರೆಗೆ ಕುರ್ಚಿಯ ಮೇಲೆ ಕುಳಿತಿರುವುದೇ ನನ್ನ ವೃತ್ತಿ. ಒಂದು ಬೇಸಿಗೆಯ ದಿನ ಕಚೇರಿಯ ಮೂರನೆಯ ಮಹಡಿಗೆ ಮೆಟ್ಟಿಲೇರಿ ಹೋದವನು ಏದುಸಿರು ಬಿಡುತ್ತಾ ಗೋಡೆಗೆ ಒರಗಿ ನಿಂತುಬಿಟ್ಟೆನು. ಮರುದಿನ ವೈದ್ಯರ ಬಳಿಗೆ ಹೋದೆನು. ಅವರು ರಕ್ತದ ಒತ್ತಡವನ್ನು ಅಳೆದು, ಎರಡನೆಯ ಸಲವೂ ಅಳೆದು, “ನಿಮ್ಮ ತಂದೆಯವರು ಇದ್ದಾರೆಯೆ?” ಎಂದು ಕೇಳಿದರು. ನನ್ನ ತಂದೆಯವರು ಐವತ್ತೊಂದನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವರು. ಆಗ ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆನು. ಈಗ ನನ್ನ ಮಗಳು ಅದೇ ತರಗತಿಯಲ್ಲಿದ್ದಾಳೆ. ಈ ಲೆಕ್ಕವನ್ನು ವೈದ್ಯರು ಹೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾನೇ ಹಾಕಿಕೊಂಡೆನು.

ವೈದ್ಯರು ಒಂದು ಮಾತ್ರೆಯನ್ನು ಬರೆದುಕೊಟ್ಟು, ದಿನವೂ ನಡೆಯಬೇಕೆಂದು ಸೂಚಿಸಿದರು. ಎರಡು ತಿಂಗಳು ನಡೆದ ಮೇಲೆ, ಅವರ ಒಪ್ಪಿಗೆಯನ್ನು ಪಡೆದು, ಸ್ವಲ್ಪ ಸ್ವಲ್ಪವಾಗಿ ಓಡತೊಡಗಿದೆನು. ಕಾಲುಗಳಿಗೆ ಬಲ ಬಂದಂತೆ ತೋರಿತು. ಅದರೊಡನೆ ಮನಸ್ಸಿಗೆ ಅಹಂಕಾರವೂ ಬಂದಿತು. ಅದೇ ಅಕ್ಟೋಬರ್ ತಿಂಗಳಲ್ಲಿ ಊರಿನಲ್ಲಿ ಅರ್ಧ ಮ್ಯಾರಥಾನ್ ಓಟವೊಂದು ನಡೆಯಲಿದೆಯೆಂದು ತಿಳಿದು, ಹೆಸರನ್ನು ಕೊಟ್ಟುಬಿಟ್ಟೆನು.

ಅರ್ಧ ಮ್ಯಾರಥಾನ್ ಎಂದರೆ 21 ಕಿಲೋಮೀಟರಿಗೆ ತುಸು ಹೆಚ್ಚು. ಕರಾರುವಾಕ್ಕಾಗಿ ಹೇಳುವುದಾದರೆ 21.0975 ಕಿಲೋಮೀಟರು. ಪೂರ್ಣ ಮ್ಯಾರಥಾನಿನ 42.195 ಕಿಲೋಮೀಟರಿನ ಸರಿಯರ್ಧ. ಈ ವಿಚಿತ್ರವಾದ ಅಂಕಿಯು ಎಲ್ಲಿಂದ ಬಂದಿತೆಂದು ನೀವು ಕೇಳಬಹುದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವು ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿದ್ದ ರಾಜಮನೆತನದವರ ಆಸನದ ಮುಂದೆ ಮುಗಿಯಿತು. ಆ ದಾರಿಯ ಉದ್ದ ಅಷ್ಟಿತ್ತು. 1921ರಲ್ಲಿ ಅದನ್ನೇ ಎಲ್ಲ ಮ್ಯಾರಥಾನ್ ಓಟಗಳಿಗೂ ನಿಯಮಿತ ದೂರವೆಂದು ಗೊತ್ತುಪಡಿಸಲಾಯಿತು.

ಮ್ಯಾರಥಾನ್ ಎಂಬುದು ಗ್ರೀಸ್ ದೇಶದ ಒಂದು ಬಯಲಿನ ಹೆಸರು. ಕ್ರಿಸ್ತಪೂರ್ವ 490ರಲ್ಲಿ ಅಲ್ಲಿ ಅಥೆನ್ಸಿನವರು ಪರ್ಷಿಯನ್ನರನ್ನು ಸೋಲಿಸಿದರು. ಆ ಗೆಲುವಿನ ಸುದ್ದಿಯನ್ನು ಹೊತ್ತ ದೂತನೊಬ್ಬನು ಅಥೆನ್ಸಿಗೆ ಓಡಿಬಂದು, ಸುದ್ದಿ ಹೇಳಿದೊಡನೆಯೇ ಪ್ರಾಣ ಬಿಟ್ಟನೆಂಬ ಕಥೆಯುಂಟು. ಈ ಕಥೆಯು ಯುದ್ಧವಾದ ಎಷ್ಟೋ ಶತಮಾನಗಳ ಮೇಲೆ ಬರೆದವರ ಗ್ರಂಥಗಳಲ್ಲಿ ಮಾತ್ರ ದೊರೆಯುತ್ತದೆ. ಆ ಯುದ್ಧದ ಇತಿಹಾಸವನ್ನು ಬರೆದ ಹೆರೊಡೋಟಸನು ಹೇಳುವುದು ಬೇರೊಂದು ಓಟದ ವಿಷಯವನ್ನು: ಯುದ್ಧಕ್ಕೆ ಮುಂಚೆ ದೂತನೊಬ್ಬನು ಸಹಾಯ ಬೇಡಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದನಂತೆ.

1896ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ಸ್ ಮೊದಲಾದಾಗ, ಆ ಹಳೆಯ ಕಥೆಯ ನೆನಪಿಗಾಗಿ ಮ್ಯಾರಥಾನ್ ಊರಿನಿಂದ ಅಥೆನ್ಸಿನವರೆಗೆ ಸುಮಾರು 40 ಕಿಲೋಮೀಟರುಗಳ ಓಟವನ್ನು ಏರ್ಪಡಿಸಿದರು. ಮೊದಲಿನಿಂದಲೂ ಎಲ್ಲರಿಗಿಂತ ಮುಂದೆ ಧಾವಿಸಿದವನು ಫ್ರಾನ್ಸಿನ ಲೆರ್ಮೂಸಿಯೊ. ಬಹುದೂರದವರೆಗೆ ಅವನನ್ನು ಹಿಂದೆ ಹಾಕುವವರೇ ಇರಲಿಲ್ಲ. ಆದರೆ 32 ಕಿಲೋಮೀಟರುಗಳ ಸುಮಾರಿಗೆ ಅವನು ಓಟವನ್ನೇ ಬಿಡಬೇಕಾಯಿತು. ಅನಂತರ ಮುಂದೆ ಬಂದವನು ಆಸ್ಟ್ರೇಲಿಯದ ಎಡ್ವಿನ್ ಫ್ಲ್ಯಾಕ್. ಅದೇ ಕ್ರೀಡಾಕೂಟದಲ್ಲಿ 800 ಮತ್ತು 1500 ಮೀಟರುಗಳ ಓಟಗಳೆರಡನ್ನೂ ಗೆದ್ದಿದ್ದ ವೇಗಶಾಲಿ ಅವನು. ಗುರಿಯು ಇನ್ನು ಕೆಲವೇ ಕಿಲೋಮೀಟರುಗಳಿರುವಾಗ ಅವನೂ ಕುಸಿದನು. ಕೊನೆಗೆ ಗೆದ್ದವನು ಮಾರೂಸಿ ಎಂಬ ಗ್ರಾಮದ ಸ್ಪಿರಿಡಾನ್ ಲೂಯಿಸ್. ಪಟ್ಟಣಕ್ಕೆ ನೀರು ಸಾಗಿಸುವುದು ಅವನ ಕಸುಬಾಗಿತ್ತು. ಅವನು ತೆಗೆದುಕೊಂಡ ಕಾಲ 2 ಗಂಟೆ 58 ನಿಮಿಷ 50 ಸೆಕೆಂಡು.

ಈ ಕಥೆಯನ್ನು ನಾನು ಓದಿದ್ದೆನು. ಆದರೆ ಅದು ನನಗೆ ಹೇಳಿದ ಮಾತೆಂದು ತಿಳಿಯಲಿಲ್ಲ. ದಿನವೂ ಐದು ಕಿಲೋಮೀಟರು ದೂರವನ್ನು ನನ್ನಿಂದಾದಷ್ಟು ವೇಗವಾಗಿ ಓಡಿ, ಗಡಿಯಾರವನ್ನು ನೋಡಿ ಹಿಗ್ಗುತ್ತಿದ್ದೆನು. ಒಂದೇ ಒಂದು ಸಲ ಹತ್ತು ಕಿಲೋಮೀಟರು ಓಡಿದ್ದೆನು. ಎರಡು ಗಂಟೆಯೊಳಗೆ ಓಟವನ್ನು ಮುಗಿಸುತ್ತೇನೆಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡೂ ಬಿಟ್ಟಿದ್ದೆನು.

ಓಟದ ದಿನ ಬೆಳಿಗ್ಗೆ ಆರು ಗಂಟೆಗೆ ನೂರಾರು ಜನರೊಡನೆ ಹೊರಟೆನು. ಜನರ ಉತ್ಸಾಹ, ರಸ್ತೆಯ ಎರಡು ಬದಿಗಳಲ್ಲಿ ಚಪ್ಪಾಳೆ, ಬೆಳಗಿನ ತಂಪು ಗಾಳಿ. ಮೊದಲ ಐದು ಕಿಲೋಮೀಟರುಗಳನ್ನು 26 ನಿಮಿಷಗಳಲ್ಲಿ ಮುಗಿಸಿದೆನು. ನನ್ನನ್ನು ಯಾರೋ ಹಿಂದಿನಿಂದ ತಳ್ಳುತ್ತಿರುವಂತಿತ್ತು. ಹತ್ತನೆಯ ಕಿಲೋಮೀಟರಿನ ವೇಳೆಗೆ ಆ ತಳ್ಳುವಿಕೆ ನಿಂತಿತು. ಚಾಮುಂಡಿ ಬೆಟ್ಟದ ದಿಕ್ಕಿನ ಏರುರಸ್ತೆಯಲ್ಲಿ ಬಿಸಿಲು ಮುಖಕ್ಕೆ ಹೊಡೆಯಿತು. ಹದಿಮೂರನೆಯ ಕಿಲೋಮೀಟರಿನಲ್ಲಿ ಓಟವು ನಡಿಗೆಯಾಯಿತು. ಹದಿನೈದನೆಯ ಕಿಲೋಮೀಟರಿನ ಕಲ್ಲಿನ ಬಳಿ ಎರಡು ಮೀನಖಂಡಗಳೂ ಸೆಳೆದುಕೊಂಡವು. ರಸ್ತೆಯ ಬದಿಯ ಹುಣಸೆಮರದ ಕೆಳಗೆ ಕುಳಿತವನು ಮತ್ತೆ ಏಳಲಾರದೆ ಹೋದೆನು. ಸ್ವಯಂಸೇವಕರು ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬೇರೊಂದು ದಾರಿಯಿಂದ ಕರೆದುತಂದರು.

ನನ್ನ ಮಗಳು ಗುರಿಯ ಗೆರೆಯ ಬಳಿ ಕಾಯುತ್ತಿದ್ದಳು. ಕಟ್ಟಕಡೆಯ ಓಟಗಾರನು ಬಂದು, ಕಟ್ಟಿದ ಹಗ್ಗಗಳನ್ನು ಬಿಚ್ಚತೊಡಗಿದ ಮೇಲೂ ಅವಳು ರಸ್ತೆಯನ್ನೇ ನೋಡುತ್ತಾ ನಿಂತಿದ್ದಳು. ನಾನು ಹಿಂದಿನಿಂದ ಹೋಗಿ ಭುಜವನ್ನು ಮುಟ್ಟಿದಾಗ ಬೆಚ್ಚಿಬಿದ್ದು ತಿರುಗಿದಳು. “ಎಲ್ಲರೂ ಬಂದರು, ನೀನು ಮಾತ್ರ ಬರಲಿಲ್ಲ. ನಿನಗೂ ತಾತನಿಗೆ ಆದ ಹಾಗೆ ಆಯಿತೋ ಏನೋ ಅಂದುಕೊಂಡೆ, ಅಪ್ಪ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓಡಲು ಹೊರಟದ್ದು ಅವಳಿಗೆ ಆ ಭಯವು ಬಾರದಿರಲೆಂದು. ಅದೇ ಭಯವನ್ನು ನನ್ನ ಆತುರದಿಂದ ಅವಳಿಗೆ ನಾನೇ ಉಂಟುಮಾಡಿದ್ದೆನು.

ಎರಡು ತಿಂಗಳ ಕಾಲ ಓಟದ ಬೂಟುಗಳು ಅಟ್ಟದ ಮೇಲಿದ್ದವು. ಜನವರಿಯಲ್ಲಿ ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ, ಬಿಳಿಯ ಗಡ್ಡದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಓಡಿಹೋದರು. ಅದನ್ನು ಓಟವೆನ್ನಬೇಕೋ ನಡಿಗೆಯೆನ್ನಬೇಕೋ ಎಂಬಷ್ಟು ನಿಧಾನ. ನಾನು ಕೆರೆಯನ್ನು ಒಂದು ಸುತ್ತು ನಡೆಯುವಷ್ಟರಲ್ಲಿ ಅವರು ಎರಡನೆಯ ಸಲ ನನ್ನನ್ನು ದಾಟಿದರು, ಮುಖದಲ್ಲಿ ಆಯಾಸವಿರಲಿಲ್ಲ. ಅವರು ನಿವೃತ್ತ ವ್ಯಾಯಾಮ ಶಿಕ್ಷಕರೆಂದು ಆಮೇಲೆ ತಿಳಿಯಿತು. ನನ್ನ ಸೋಲಿನ ಕಥೆಯನ್ನು ಕೇಳಿ ಅವರು ನಗಲಿಲ್ಲ. “ನಾಳೆ ನನ್ನ ಜೊತೆ ಬನ್ನಿ. ಆದರೆ ಒಂದು ನಿಯಮ: ಓಡುವಾಗ ಮಾತನಾಡುತ್ತಲೇ ಇರಬೇಕು” ಎಂದರು.

ಮರುದಿನ ನನ್ನ ಮಾತು ಐದೇ ನಿಮಿಷದಲ್ಲಿ ತುಂಡು ತುಂಡಾಯಿತು. “ನೋಡಿದಿರಾ? ನೀವು ಓಡುತ್ತಿಲ್ಲ, ಓಡಿಹೋಗುತ್ತಿದ್ದೀರಿ” ಎಂದು ಹೇಳಿ ಅವರು ವೇಗವನ್ನು ಇನ್ನೂ ತಗ್ಗಿಸಿದರು. ನಡೆಯುವವರು ಸಹ ನಮ್ಮನ್ನು ನೋಡಿ ನಗುತ್ತಿರುವರೆಂದು ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಗೆಲ್ಲಲು ನನಗೆ ಒಂದು ತಿಂಗಳು ಬೇಕಾಯಿತು.

ನಿಧಾನವಾಗಿ ಓಡಿದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೇಷ್ಟ್ರು ದಿನಕ್ಕಿಷ್ಟರಂತೆ ವಿವರಿಸಿದರು. ತಿಂಗಳುಗಟ್ಟಲೆ ಇಂಥ ಓಟವನ್ನು ಅಭ್ಯಾಸ ಮಾಡಿದವರ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರಡಿಸಬಲ್ಲುದಾಗುತ್ತದೆ. ಆದುದರಿಂದ ವಿಶ್ರಾಂತಿಯಲ್ಲಿರುವಾಗ ಅದು ಕಡಿಮೆ ಸಲ ಬಡಿದರೂ ಸಾಕು. ಸ್ನಾಯುಗಳಲ್ಲಿ ಹೊಸ ಲೋಮನಾಳಗಳು ಹುಟ್ಟಿಕೊಳ್ಳುತ್ತವೆ. ಜೀವಕೋಶಗಳೊಳಗೆ ಆಮ್ಲಜನಕವನ್ನು ಬಳಸಿಕೊಂಡು ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ.

ದೇಹದ ಇಂಧನದ ಲೆಕ್ಕವೂ ತಿಳಿಯತಕ್ಕದ್ದೇ. ಅನ್ನ, ಮುದ್ದೆ, ಬಾಳೆಹಣ್ಣುಗಳಿಂದ ದೊರೆತ ಸಕ್ಕರೆಯು ಗ್ಲೈಕೊಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗಿರುತ್ತದೆ. ಎಲ್ಲ ಸೇರಿದರೂ ಈ ಸಂಗ್ರಹವು ಸುಮಾರು 500 ಗ್ರಾಂ. ಅದರಿಂದ ದೊರೆಯುವ ಶಕ್ತಿ ಸುಮಾರು 2000 ಕಿಲೊಕ್ಯಾಲರಿ. ಓಡುವ ಮನುಷ್ಯನಿಗೆ ಪ್ರತಿ ಕಿಲೋಮೀಟರಿಗೆ, ಅವನ ತೂಕದ ಪ್ರತಿ ಕಿಲೋಗ್ರಾಮಿಗೆ, ಸುಮಾರು ಒಂದು ಕಿಲೊಕ್ಯಾಲರಿ ಬೇಕಾಗುತ್ತದೆ. 70 ಕಿಲೋಗ್ರಾಂ ತೂಕದವನಿಗೆ 21 ಕಿಲೋಮೀಟರಿಗೆ ಹೆಚ್ಚುಕಡಿಮೆ 1500 ಕಿಲೊಕ್ಯಾಲರಿಯಾಯಿತು. ದೇಹದಲ್ಲಿ ಕೊಬ್ಬೂ ಇಂಧನವಾಗಿ ಧಾರಾಳವಾಗಿ ಇರುತ್ತದೆ. ಆದರೆ ಅದು ನಿಧಾನವಾಗಿ ಉರಿಯುವ ಇಂಧನ. ವೇಗವಾಗಿ ಓಡುವವನ ದೇಹವು ಕೊಬ್ಬನ್ನು ಅಷ್ಟಾಗಿ ಬಳಸದೆ ಸಕ್ಕರೆಯನ್ನೇ ಸುಡುತ್ತದೆ. ನಿಧಾನವಾಗಿ ಓಡುವವನು ಎರಡನ್ನೂ ಬಳಸಿಕೊಂಡು ಸಕ್ಕರೆಯನ್ನು ಕೊನೆಯವರೆಗೆ ಉಳಿಸಿಕೊಳ್ಳುತ್ತಾನೆ.

ನಾನು ಶಾಲೆಯಲ್ಲಿ ಕಲಿತಿದ್ದ ಒಂದು ಸಂಗತಿಯನ್ನು ತಿದ್ದಿಕೊಳ್ಳಬೇಕಾಯಿತು. ಸ್ನಾಯುಗಳ ಆಯಾಸಕ್ಕೆ ಲ್ಯಾಕ್ಟಿಕ್ ಆಮ್ಲವೆಂಬ ಕಸವೇ ಕಾರಣವೆಂದು ಆಗ ಹೇಳುತ್ತಿದ್ದರು. ಲ್ಯಾಕ್ಟೇಟು ಕಸವಲ್ಲ, ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ ಎಂಬುದು ಈಗ ಗೊತ್ತಾಗಿದೆ. ಮಿತಿಮೀರಿದ ವೇಗದಲ್ಲಿ ಓಡುವಾಗ ಅದು ಬಳಕೆಯಾಗುವುದಕ್ಕಿಂತ ಬೇಗನೆ ಉತ್ಪತ್ತಿಯಾಗಿ ರಕ್ತದಲ್ಲಿ ಶೇಖರವಾಗತೊಡಗುತ್ತದೆ. ಮಾತು ತುಂಡಾಗುವ ವೇಗವೂ ಹೆಚ್ಚುಕಡಿಮೆ ಅದೇ. ಮೇಷ್ಟ್ರ ನಿಯಮದ ಮರ್ಮ ಇಲ್ಲಿತ್ತು.

ಜೂನ್ ತಿಂಗಳ ಕೊನೆಯಿಂದ ಹದಿನಾರು ವಾರಗಳ ಅಭ್ಯಾಸವನ್ನು ಗೊತ್ತುಮಾಡಿದರು. ವಾರದಲ್ಲಿ ಮೂರು ದಿನ ಚಿಕ್ಕ ಓಟ, ಭಾನುವಾರ ದೀರ್ಘ ಓಟ, ಉಳಿದ ದಿನಗಳಲ್ಲಿ ವಿಶ್ರಾಂತಿ ಅಥವಾ ನಡಿಗೆ. ಭಾನುವಾರದ ಓಟವು ಐದು ಕಿಲೋಮೀಟರಿನಿಂದ ಮೊದಲಾಗಿ ವಾರವಾರವೂ ಒಂದೆರಡು ಕಿಲೋಮೀಟರು ಹೆಚ್ಚುತ್ತಿತ್ತು. ಪ್ರತಿ ನಾಲ್ಕನೆಯ ವಾರ ದೂರವನ್ನು ಇಳಿಸುತ್ತಿದ್ದರು. ಆಷಾಢದ ಗಾಳಿಯಲ್ಲಿ, ಶ್ರಾವಣದ ತುಂತುರು ಮಳೆಯಲ್ಲಿ ಓಡಿದೆನು. ಕೆರೆಯ ನಡುಗಡ್ಡೆಯ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿರುವುದನ್ನು ನೋಡುವಷ್ಟು ವ್ಯವಧಾನವು ಆಗ ನನಗೆ ದೊರೆತಿತ್ತು.

ಏಳನೆಯ ವಾರ ನಾನು ಮತ್ತೆ ತಪ್ಪಿದೆನು. ಮೇಷ್ಟ್ರು ಬಾರದಿದ್ದ ಒಂದು ದಿನ, ಕಾಲೇಜು ಹುಡುಗರ ಗುಂಪೊಂದು ನನ್ನನ್ನು ದಾಟಿಹೋಯಿತು. ಹಳೆಯ ಹುರುಪು ಕೆರಳಿ ಅವರ ಬೆನ್ನು ಹತ್ತಿದೆನು. ಸಂಜೆಯ ವೇಳೆಗೆ ಮೊಣಕಾಲಿನ ಕೆಳಗೆ ಎಲುಬಿನುದ್ದಕ್ಕೂ ನೋವು ಕಾಣಿಸಿಕೊಂಡಿತು. ಹತ್ತು ದಿನ ಓಡಬಾರದೆಂದು ವೈದ್ಯರು ಹೇಳಿದರು. ಮೇಷ್ಟ್ರು ಗದರಿಸಲಿಲ್ಲ. “ತರಗತಿಯಲ್ಲಿ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಹೃದಯ ಬೇಗ ಕಲಿಯುತ್ತದೆ. ಸ್ನಾಯು ಅದರ ಹಿಂದೆಯೇ ಕಲಿಯುತ್ತದೆ. ಎಲುಬು, ಸ್ನಾಯುರಜ್ಜು ಇವು ಬಹಳ ನಿಧಾನ. ಪಾಠವನ್ನು ನಿಧಾನವಾಗಿ ಕಲಿಯುವವನಿಗೆ ತಕ್ಕಂತೆ ನಡೆಸಬೇಕು” ಎಂದರು. ಮೂವತ್ತು ವರ್ಷ ಮಕ್ಕಳ ನಡುವೆ ಬಾಳಿದವರ ಮಾತು ಅದು.

ಹದಿನಾಲ್ಕನೆಯ ವಾರ ಹದಿನೆಂಟು ಕಿಲೋಮೀಟರು ಓಡಿದೆನು. ಕೊನೆಯ ಎರಡು ವಾರಗಳಲ್ಲಿ ಓಟವನ್ನು ತಗ್ಗಿಸಿ ದೇಹಕ್ಕೆ ಬಿಡುವು ಕೊಡಲಾಯಿತು. ನೀರಿನ ವಿಷಯದಲ್ಲಿಯೂ ಎಚ್ಚರಿಕೆಯ ಮಾತುಗಳಿದ್ದವು. ಓಡುವಾಗ ಸ್ನಾಯುಗಳಲ್ಲಿ ಉತ್ಪತ್ತಿಯಾಗುವ ಶಕ್ತಿಯ ಬಹುಪಾಲು ಶಾಖವಾಗಿ ಪರಿಣಮಿಸುತ್ತದೆ. ಬೆವರು ಆವಿಯಾಗುವುದರಿಂದ ಆ ಶಾಖವು ಹೊರಹೋಗುತ್ತದೆ. ಬೆವರಿನೊಡನೆ ಉಪ್ಪೂ ನಷ್ಟವಾಗುತ್ತದೆ. ಹಾಗೆಂದು ಬಾಯಾರಿಕೆಗೆ ಮೀರಿ ಬರಿಯ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಮಿತವು ಇಲ್ಲಿಯೂ ಅಗತ್ಯ.

ಓಟದ ಹಿಂದಿನ ರಾತ್ರಿ ಅನ್ನ ಸಾರು ಉಂಡು ಬೇಗನೆ ಮಲಗಿದೆನು. ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದೆನು. ಉಪ್ಪು ಸಕ್ಕರೆ ಬೆರೆಸಿದ ನಿಂಬೆಹಣ್ಣಿನ ಪಾನಕವನ್ನು ಹೆಂಡತಿಯು ಒಂದು ಸಣ್ಣ ಸೀಸೆಯಲ್ಲಿ ತುಂಬಿಕೊಟ್ಟಳು. ಮಗಳು ಬರುವೆನೆಂದಳು. ಬೇಡವೆನ್ನಬೇಕೆಂದಿದ್ದೆನು, ಹೇಳಲಾಗಲಿಲ್ಲ.

ಓಟ ಮೊದಲಾದೊಡನೆ ಜನಸಮೂಹವೆಲ್ಲ ನನ್ನನ್ನು ದಾಟಿ ಮುಂದೆ ಹೋದಂತೆ ತೋರಿತು. ನನಗಿಂತ ಹಿರಿಯರು, ಸೀರೆಯುಟ್ಟ ಒಬ್ಬ ಗೃಹಿಣಿ, ಎಲ್ಲರೂ ಮುಂದೆ ಹೋದರು. ಪಕ್ಕದಲ್ಲಿದ್ದ ಅಪರಿಚಿತರೊಡನೆ ಮಳೆಬೆಳೆಯ ಮಾತನಾಡುತ್ತಾ ಓಡಿದೆನು. ಐದು ಕಿಲೋಮೀಟರಿಗೆ 37 ನಿಮಿಷವಾಯಿತು. ಹಿಂದಿನ ವರ್ಷಕ್ಕಿಂತ ಹನ್ನೊಂದು ನಿಮಿಷ ಹೆಚ್ಚು. ಆ ಐದು ಕಿಲೋಮೀಟರು ಕಾಲಿಗೆ ಸುಲಭವಾಗಿತ್ತು. ಮನಸ್ಸಿಗೆ ಅದರಷ್ಟು ಕಷ್ಟವಾದ ಭಾಗ ಇಡೀ ಓಟದಲ್ಲಿ ಬೇರೊಂದಿರಲಿಲ್ಲ. ಹತ್ತು ಕಿಲೋಮೀಟರಿಗೆ 73 ನಿಮಿಷ. ಬೆಟ್ಟದ ಕಡೆಯ ಏರಿನಲ್ಲಿ, ಮೊದಲು ನನ್ನನ್ನು ದಾಟಿದವರಲ್ಲಿ ಕೆಲವರು ನಡೆಯುತ್ತಿದ್ದರು. ಸೀರೆಯುಟ್ಟ ಗೃಹಿಣಿಯು ಮಾತ್ರ ನನಗೆ ಮತ್ತೆ ಕಾಣಲೇ ಇಲ್ಲ.

ಹದಿನೈದನೆಯ ಕಿಲೋಮೀಟರಿನ ಹುಣಸೆಮರದ ಕೆಳಗೆ ಒಬ್ಬ ತರುಣನು ಮೀನಖಂಡವನ್ನು ಹಿಡಿದುಕೊಂಡು ಕುಳಿತಿದ್ದನು. ಅವನ ಮುಖವನ್ನು ನಾನು ಬಲ್ಲೆನು. ಅದು ಹಿಂದಿನ ವರ್ಷದ ನನ್ನ ಮುಖ. ನಿಂತು, ಸೀಸೆಯಲ್ಲಿ ಉಳಿದಿದ್ದ ಪಾನಕವನ್ನು ಅವನಿಗೆ ಕೊಟ್ಟೆನು. ಸ್ವಯಂಸೇವಕರು ಬರುವವರೆಗೆ ಒಂದು ನಿಮಿಷ ಅವನ ಕಾಲನ್ನು ನೀವಿದೆನು. “ನಿಮ್ಮ ಟೈಮ್ ಹಾಳಾಗುತ್ತದೆ, ಹೋಗಿ ಸಾರ್” ಎಂದನು. “ನಾನು ಒಂದು ವರ್ಷ ಇಲ್ಲಿಯೇ ಇದ್ದೆ, ಇನ್ನೊಂದು ನಿಮಿಷ ಆಗಲಿ” ಎಂದೆನು. ಅವನಿಗೆ ಅರ್ಥವಾಗಲಿಲ್ಲ.

ಅಲ್ಲಿಂದ ಮುಂದಿನ ರಸ್ತೆ ನನಗೆ ಹೊಸದು. ಹದಿನೆಂಟನೆಯ ಕಿಲೋಮೀಟರಿನ ಮೇಲೆ ಕಾಲುಗಳು ಮರದ ಕೊರಡಿನಂತಾದವು. ಮಾತು ನಿಂತಿತು. ಆಗ ಮೊದಲ ಸಲ ನಾನು ಉಳಿಸಿಕೊಂಡಿದ್ದ ಶಕ್ತಿಯನ್ನು ಖರ್ಚುಮಾಡಲು ಕೈಹಾಕಿದೆನು. ಅದು ಅಲ್ಲಿತ್ತು. ತಿಂಗಳ ಕೊನೆಯಲ್ಲಿ ಡಬ್ಬಿಯ ತಳದಲ್ಲಿ ಅಕ್ಕಿ ಇರುವುದನ್ನು ಕಂಡವರಿಗೆ ಮಾತ್ರ ಆ ಸಂತೋಷವು ತಿಳಿಯುತ್ತದೆ. 2 ಗಂಟೆ 33 ನಿಮಿಷಗಳಾದಾಗ ಗುರಿಯ ಗೆರೆಯನ್ನು ದಾಟಿದೆನು.

ಮಗಳು ಹಗ್ಗದ ಆಚೆ ನಿಂತಿದ್ದಳು. “ಎಷ್ಟನೆಯವನಾಗಿ ಬಂದೆ, ಅಪ್ಪ?” ಎಂದಳು.

“ಗೊತ್ತಿಲ್ಲ. ನೂರಾರು ಜನ ನನಗಿಂತ ಮುಂದೆ ಬಂದಿದ್ದಾರೆ” ಎಂದೆನು.

“ಬಂದೆಯಲ್ಲ, ಸಾಕು” ಎಂದು ನನ್ನ ಕೈಯನ್ನು ಹಿಡಿದುಕೊಂಡಳು. ಮನೆ ಸೇರುವವರೆಗೆ ಅದನ್ನು ಬಿಡಲಿಲ್ಲ.

ಓಟವು ಆಯುಷ್ಯಕ್ಕೆ ಕೊಟ್ಟ ಮುಚ್ಚಳಿಕೆಯಲ್ಲ. ನಾನು ಈಗಲೂ ವೈದ್ಯರಲ್ಲಿಗೆ ಹೋಗುತ್ತೇನೆ. ಅವರು ಮಾತ್ರೆಯ ಪ್ರಮಾಣವನ್ನು ಇಳಿಸಿದ್ದಾರೆಯೇ ಹೊರತು ನಿಲ್ಲಿಸಿಲ್ಲ. ಆದರೆ ಮೂರನೆಯ ಮಹಡಿಗೆ ಹೋದಾಗ ಗೋಡೆಗೆ ಒರಗುವುದಿಲ್ಲ. ದೇಹವು ತನ್ನ ಕಾಲಕ್ಕೆ ತಾನು ಕಲಿಯುತ್ತದೆ; ನಾವು ಮಾಡಬಹುದಾದದ್ದು ದಿನವೂ ಪಾಠಕ್ಕೆ ಹಾಜರಾಗುವುದಷ್ಟೆ.

ಈಚೆಗೆ ಭಾನುವಾರಗಳಂದು ಮಗಳೂ ಕೆರೆಯ ಏರಿಗೆ ಬರುತ್ತಾಳೆ. ಮೊದಲ ದಿನ ಬಾಣದಂತೆ ಹೊರಟು, ಅರ್ಧ ದಾರಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟಳು. ನಾನೂ ಮೇಷ್ಟ್ರೂ ಅವಳನ್ನು ಸೇರಿಕೊಂಡೆವು. ಮೇಷ್ಟ್ರು ಅವಳ ಕಡೆಗೆ ತಿರುಗಿ, “ನಿನ್ನ ಶಾಲೆಯ ವಿಷಯ ಹೇಳಮ್ಮ, ಕೇಳುತ್ತಾ ಹೋಗೋಣ” ಎಂದರು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅರ್ಧ ಮ್ಯಾರಥಾನಿನ ದೂರವೆಷ್ಟು?
2. 1896ರ ಮ್ಯಾರಥಾನ್ ಓಟವನ್ನು ಗೆದ್ದವನು ಯಾರು?
3. ವ್ಯಾಯಾಮ ಶಿಕ್ಷಕರು ವಿಧಿಸಿದ ನಿಯಮ ಯಾವುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೊದಲ ವರ್ಷದ ಓಟದಲ್ಲಿ ಲೇಖಕರು ಸೋಲಲು ಕಾರಣಗಳೇನು?
2. ನಿಧಾನವಾದ ಓಟದ ಅಭ್ಯಾಸದಿಂದ ಹೃದಯ ಮತ್ತು ಸ್ನಾಯುಗಳಲ್ಲಿ ಆಗುವ ಬದಲಾವಣೆಗಳನ್ನು ತಿಳಿಸಿರಿ.
3. “ನಾನು ಒಂದು ವರ್ಷ ಇಲ್ಲಿಯೇ ಇದ್ದೆ” ಎಂಬ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.

ಇ) ಲೆಕ್ಕ ಹಾಕಿರಿ.
ಎರಡನೆಯ ವರ್ಷ ಲೇಖಕರು ಮೊದಲ ಹತ್ತು ಕಿಲೋಮೀಟರುಗಳಲ್ಲಿ ಪ್ರತಿ ಕಿಲೋಮೀಟರಿಗೆ ಸರಾಸರಿ ಎಷ್ಟು ಕಾಲವನ್ನು ತೆಗೆದುಕೊಂಡರು? ಮೊದಲ ವರ್ಷದ ಮೊದಲ ಐದು ಕಿಲೋಮೀಟರುಗಳ ಸರಾಸರಿಯೊಡನೆ ಅದನ್ನು ಹೋಲಿಸಿರಿ.